ಅಮ್ಮ ಬಿದ್ದಿದ್ದು ಮೂರು ಸಲ, ಹೇಳಿದ್ದು ಒಂದೂ ಇಲ್ಲ

ಪ್ರತಿದಿನ ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡುವುದು ನನ್ನ ಅಭ್ಯಾಸ. ಊಟ ಆಯ್ತಾ, ಮಳೆ ಹೇಗಿದೆ, ಕರೆಂಟ್ ಇದೆಯಾ ಅಂತ ಐದು ನಿಮಿಷದ ಮಾತು. ಕಳೆದ ಜುಲೈನಲ್ಲಿ ಒಂದು ಗುರುವಾರ ಹೀಗೇ ಮಾತಾಡುತ್ತಿದ್ದಾಗ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ಫೋನನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಅಮ್ಮಾ, ಬಲಗೈ ತೋರಿಸು."

"ಎಂತಕ್ಕೆ?"

"ತೋರಿಸು ಅಂದ್ನಲ್ಲ."

"ಎಂತ ಆಗ್ಲಿಲ್ಲ ಮಾರಾಯ್ತಿ. ಸ್ವಲ್ಪ ಉಳುಕಿದೆ ಅಷ್ಟೆ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೀನಿ."

ಶುಕ್ರವಾರ ರಾತ್ರಿಯ ರೈಲು ಹತ್ತಿ ಶನಿವಾರ ಬೆಳಿಗ್ಗೆ ಸಾಗರದಲ್ಲಿ ಇಳಿದೆ. ಅಮ್ಮನ ಮಣಿಕಟ್ಟು ಊದಿಕೊಂಡು ನೀಲಿಗಟ್ಟಿತ್ತು. ಎಕ್ಸ್‌ರೇ ತೆಗೆಸಿದರೆ ಮೂಳೆ ಮುರಿದಿತ್ತು. ನಾಲ್ಕು ದಿನದಿಂದ ಎಡಗೈಯಲ್ಲೇ ಅಡುಗೆ ಮಾಡಿಕೊಂಡು, ಎಡಗೈಯಲ್ಲೇ ಊಟ ಮಾಡಿಕೊಂಡು ಇದ್ದಳು. ಫೋನಿನಲ್ಲಿ ಮಾತ್ರ ಎಲ್ಲಾ ಚೆನ್ನಾಗಿತ್ತು.

ಪ್ಲಾಸ್ಟರ್ ಹಾಕುತ್ತಾ ಡಾಕ್ಟರ್ ಕೇಳಿದರು, "ಇದಕ್ಕೆ ಮೊದಲು ಯಾವಾಗಾದ್ರೂ ಬಿದ್ದಿದ್ರಾ ಅಮ್ಮ?" ಅಮ್ಮ ಉತ್ತರ ಕೊಡುವ ಬದಲು ನನ್ನ ಮುಖ ನೋಡಿದಳು. ಚಿಕ್ಕವಳಿದ್ದಾಗ ಗಾಜಿನ ಲೋಟ ಒಡೆದು ನಾನು ಅವಳ ಮುಖ ನೋಡುತ್ತಿದ್ದೆನಲ್ಲ, ಹಾಗೆ.

ಯುಗಾದಿಗೆ ಒಂದು ವಾರ ಮೊದಲು ಒಂದು ಸಲ. ಮೇ ತಿಂಗಳಲ್ಲಿ ಇನ್ನೊಂದು ಸಲ. ಇದು ಮೂರನೆಯದು.

ಯಾಕೆ ಹೇಳಲಿಲ್ಲ?

ಆಟೋದಲ್ಲಿ ಮನೆಗೆ ಬರುವಾಗ ಅದನ್ನೇ ಕೇಳಿದೆ. ಅಮ್ಮ ಹೊರಗೆ ಮಳೆ ನೋಡುತ್ತಾ ಹೇಳಿದಳು: "ಹೇಳಿದ್ರೆ ನೀವು ಬಿಡ್ತೀರಾ? ನಿನ್ನಣ್ಣ ಮನೆ ಮಾರೋಣ ಅಂತಾನೆ. ನೀನು ಮೊದ್ಲು ಬೈತೀಯ, ಆಮೇಲೆ ಬೆಂಗಳೂರಿಗೆ ಬಂದು ಇರು ಅಂತೀಯ. ಆ ಹನ್ನೊಂದನೇ ಮಹಡಿ ಮೇಲೆ ನಾನು ಎಂತ ಮಾಡ್ಲಿ?"

ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ಹಿತ್ತಿಲಲ್ಲಿ ಕಾಲು ಜಾರಿತು ಅಂತ ಅವಳೇ ಫೋನ್ ಮಾಡಿ ಹೇಳಿದ್ದಳು. ನಾನು ಆಗ ಮೀಟಿಂಗ್ ಮಧ್ಯೆ ಇದ್ದೆ. "ಎಷ್ಟು ಸಲ ಹೇಳ್ಬೇಕಮ್ಮ ನಿಂಗೆ? ನೋಡ್ಕೊಂಡು ನಡಿಯೋಕೆ ಆಗಲ್ವಾ?" ಅಂದುಬಿಟ್ಟಿದ್ದೆ. ಹೆದರಿಕೆಗೆ ಬಂದ ಮಾತು ಅದು. ಆದರೆ ಅವಳು ಅದರಿಂದ ಕಲಿತಿದ್ದು ನೋಡಿಕೊಂಡು ನಡೆಯುವುದನ್ನಲ್ಲ, ಇನ್ನು ಮುಂದೆ ಹೇಳಬಾರದು ಅನ್ನುವುದನ್ನು.

ಇದು ನಮ್ಮ ಮನೆಯೊಂದರ ಕತೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಪ್ರಕಾರ ಅಲ್ಲಿ 65 ದಾಟಿದ ನಾಲ್ವರಲ್ಲಿ ಒಬ್ಬರಾದರೂ ವರ್ಷಕ್ಕೊಮ್ಮೆ ಬೀಳುತ್ತಾರೆ. ಅದನ್ನು ಡಾಕ್ಟರಿಗೆ ಹೇಳುವವರು ಅವರಲ್ಲಿ ಅರ್ಧಕ್ಕಿಂತ ಕಡಿಮೆ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಎರಡು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ದೊಡ್ಡದು. ರಸ್ತೆಗೆ ಇಳಿಯುವಾಗ ನಾವು ಹೆಲ್ಮೆಟ್ ಹಾಕುತ್ತೇವೆ. ಅಪ್ಪ ಅಮ್ಮ ದಿನಾ ಓಡಾಡುವ ಬಚ್ಚಲಿನ ಬಗ್ಗೆ ಎಂದಾದರೂ ಯೋಚಿಸಿದ್ದೇವಾ?

ಗೋಡೆ ಮೇಲಿನ ಕಲೆ

ಆ ದಿನ ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಸುಮ್ಮನೆ ಮನೆಯೊಳಗೆ ಓಡಾಡಿದೆ. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಂಥ ಜಾಗದ ಗೋಡೆಯಲ್ಲಿ, ಸೊಂಟದ ಎತ್ತರಕ್ಕೆ, ಉದ್ದಕ್ಕೂ ಒಂದು ಮಾಸಲು ಗೆರೆ ಇತ್ತು. ಹಿಂದಿನ ದೀಪಾವಳಿಯಲ್ಲೂ ಅದನ್ನು ನೋಡಿದ್ದೆ. "ಗೋಡೆ ಎಷ್ಟು ಕೊಳೆ ಆಗಿದೆ, ಸುಣ್ಣ ಹೊಡೆಸಮ್ಮ" ಅಂತ ಹೇಳಿಯೂ ಇದ್ದೆ. ಈಗ ಆ ಗೆರೆಯ ಮೇಲೆ ಕೈ ಇಟ್ಟು ನಡೆದು ನೋಡಿದೆ. ಅದು ಕೊಳೆಯಲ್ಲ. ಗೋಡೆ ಹಿಡಿದುಕೊಂಡು ನಡೆಯುವ ಅಮ್ಮನ ಅಂಗೈ ಕಲೆ.

ಬಾಯಿ ಹೇಳದಿದ್ದರೂ ಮನೆ ಹೇಳುತ್ತದೆ, ನೋಡುವ ಕಣ್ಣು ಬೇಕು ಅಷ್ಟೆ. ಮುಂದಿನ ಸಲ ಊರಿಗೆ ಹೋದಾಗ ನೀವೂ ನೋಡಿ. ಗೋಡೆ, ಬಾಗಿಲ ಚೌಕಟ್ಟು, ಫ್ರಿಜ್ಜಿನ ಪಕ್ಕ ಅಂಗೈ ಕಲೆ ಇದೆಯಾ? ಕುರ್ಚಿಯಿಂದ ಏಳುವಾಗ ಎರಡು ಮೂರು ಸಲ ತೂಗಿ ಏಳುತ್ತಾರಾ? ದಿನಾ ಹೋಗುತ್ತಿದ್ದ ದೇವಸ್ಥಾನ, ವಾಕಿಂಗ್ ಸದ್ದಿಲ್ಲದೆ ನಿಂತುಹೋಗಿದೆಯಾ? ದಿನಾ ಸ್ನಾನ ಮಾಡುತ್ತಿದ್ದವರು ದಿನ ಬಿಟ್ಟು ದಿನ ಮಾಡುತ್ತಿದ್ದಾರಾ? ಮೊಣಕೈಯಲ್ಲಿ, ಮಂಡಿಯಲ್ಲಿ ಹಳೇ ಪೆಟ್ಟಿನ ಗುರುತು ಇದೆಯಾ?

"ವಯಸ್ಸಾಯ್ತು, ಬೀಳೋದು ಇದ್ದಿದ್ದೇ" ಅಂತ ನಾವೂ ಹೇಳುತ್ತೇವೆ, ಅವರೂ ಹೇಳುತ್ತಾರೆ. ಅಮ್ಮನ ಮೂರು ಬೀಳುಗಳನ್ನೂ ಕೂತು ಬಿಡಿಸಿ ನೋಡಿದಾಗ ನನಗೆ ಅರ್ಥವಾಗಿದ್ದು ಬೇರೆಯೇ. ಮೂರಕ್ಕೂ ಕಾರಣ ಇತ್ತು. ಮೂರೂ ಕಾರಣಗಳನ್ನು ಸರಿ ಮಾಡಬಹುದಿತ್ತು.

ಮೊದಲ ಸಲ: ರಾತ್ರಿ ಮೂರು ಗಂಟೆ

ಮೂತ್ರಕ್ಕೆ ಅಂತ ಎಚ್ಚರ ಆಗಿದೆ. ಅವಸರದಲ್ಲಿ ದಡಕ್ಕನೆ ಎದ್ದಿದ್ದಾಳೆ. ಲೈಟಿನ ಸ್ವಿಚ್ ಇರುವುದು ಬಾಗಿಲ ಹತ್ತಿರ, ಮಂಚದಿಂದ ಎಂಟು ಹೆಜ್ಜೆ ದೂರ. ಕತ್ತಲಲ್ಲಿ ತಲೆ ತಿರುಗಿದಂತಾಗಿ ಬಚ್ಚಲ ಹೊಸ್ತಿಲು ಎಡವಿದ್ದಾಳೆ.

ಇದನ್ನು ಕೇಳಿದ ಡಾಕ್ಟರ್ ಅಮ್ಮನನ್ನು ಮಲಗಿಸಿ ಬಿಪಿ ನೋಡಿದರು, ಆಮೇಲೆ ನಿಲ್ಲಿಸಿ ನೋಡಿದರು. ಮಲಗಿದ್ದಾಗ ಮೇಲಿನ ಸಂಖ್ಯೆ 142. ನಿಂತಾಗ 116. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನ ಸಂಖ್ಯೆ 10 ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಂತೆ. ನಾವು ಯಾವಾಗಲೂ ಕೂರಿಸಿ ಒಂದೇ ಸಲ ಬಿಪಿ ನೋಡಿಸುತ್ತೇವೆ. "ನಿಂತಾಗಲೂ ಒಮ್ಮೆ ನೋಡಿ ಡಾಕ್ಟ್ರೇ" ಅಂತ ಕೇಳಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ.

ಆಮೇಲೆ ಅಮ್ಮನ ಮಾತ್ರೆಗಳ ಡಬ್ಬಿಯನ್ನೇ ಮೇಜಿನ ಮೇಲೆ ಸುರಿದೆವು. ಬಿಪಿಗೆ ಎರಡು ಮಾತ್ರೆ. ಅದರಲ್ಲಿ ಒಂದು ಮೂತ್ರ ಹೆಚ್ಚು ಮಾಡುವಂಥದ್ದು, ಅಮ್ಮ ಅದನ್ನು ರಾತ್ರಿ ನುಂಗುತ್ತಿದ್ದಳು. ಜೊತೆಗೊಂದು ನಿದ್ದೆ ಮಾತ್ರೆ. ಅಪ್ಪ ತೀರಿಕೊಂಡಾಗ ನಿದ್ದೆ ಬರುತ್ತಿಲ್ಲ ಅಂತ ಹದಿನೈದು ದಿನಕ್ಕೆ ಬರೆದುಕೊಟ್ಟಿದ್ದು, ನಾಲ್ಕು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಮೂತ್ರದ ಮಾತ್ರೆ, ಖಿನ್ನತೆಯ ಮಾತ್ರೆ, ಗಂಡಸರ ಪ್ರಾಸ್ಟೇಟ್ ಮಾತ್ರೆಗಳಲ್ಲಿ ಕೆಲವು, ಮಂಪರು ತರಿಸುವ ಶೀತದ ಮಾತ್ರೆ: ಇವೆಲ್ಲ ವಯಸ್ಸಾದವರಲ್ಲಿ ತಲೆ ತಿರುಗಿಸಬಲ್ಲವು, ಬೀಳಿಸಬಲ್ಲವು.

ಹಾಗಂತ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಬಿಪಿ ಮಾತ್ರೆ ಬಿಟ್ಟರೆ ಪಾರ್ಶ್ವವಾಯುವಿನ ಭಯ. ನಿದ್ದೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೂ ತೊಂದರೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ಮೆಡಿಕಲ್ ಶಾಪಿನವರು ಕೊಟ್ಟಿದ್ದು, ಪಕ್ಕದ ಮನೆಯವರು ಹೇಳಿದ್ದು, ನಾಟಿ ಔಷಧಿ ಎಲ್ಲವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಒಬ್ಬರೇ ಡಾಕ್ಟರಿಗೆ ತೋರಿಸಿ. "ಇದರಲ್ಲಿ ಬೀಳಿಸುವಂಥದ್ದು ಯಾವುದಾದ್ರೂ ಇದೆಯಾ?" ಅಂತ ಕೇಳಿ. ಅಮ್ಮನ ಮೂತ್ರದ ಮಾತ್ರೆ ಬೆಳಗಿನ ಹೊತ್ತಿಗೆ ಹೋಯಿತು. ನಿದ್ದೆ ಮಾತ್ರೆಯನ್ನು ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದರು.

ಉಳಿದಿದ್ದು ನಮ್ಮ ಕೆಲಸ. ಎಚ್ಚರವಾದ ಕೂಡಲೇ ಏಳದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳುವುದು. ಮಂಚದಿಂದ ಬಚ್ಚಲವರೆಗೆ, ಯಾರಾದರೂ ಓಡಾಡಿದರೆ ತಾನಾಗಿ ಹತ್ತಿಕೊಳ್ಳುವ ನಾಲ್ಕು ಪುಟ್ಟ ಎಲ್‌ಇಡಿ ದೀಪ. ಮಲೆನಾಡಿನ ಮಳೆಗಾಲ ಅಂದರೆ ಕರೆಂಟ್ ಇಲ್ಲದ ರಾತ್ರಿಗಳು, ಅದಕ್ಕೆ ಕರೆಂಟ್ ಹೋದರೂ ಉರಿಯುವ ಒಂದು ಎಮರ್ಜೆನ್ಸಿ ಬಲ್ಬು, ದಿಂಬಿನ ಪಕ್ಕ ಒಂದು ಟಾರ್ಚು.

ಬಚ್ಚಲ ಹೊಸ್ತಿಲನ್ನು ಒಡೆಸಿಬಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ. "ನೀರೆಲ್ಲ ನಡುಮನೆಗೆ ಬರ್ತದೆ" ಅಂದಳು. ಸರಿಯಾದ ಮಾತೇ. ಸ್ವಲ್ಪ ಯೋಚನೆ ಮಾಡಿ ಅವಳೇ ಹೇಳಿದಳು, "ಮುಂಬಾಗಿಲ ಹೊಸ್ತಿಲಿಗೆ ಹಳದಿ ಬಳಿದಿದೆಯಲ್ಲ, ಇದಕ್ಕೂ ಬಳಿ. ಕಣ್ಣಿಗೆ ಕಾಣ್ತದೆ." ಕೆಂಪು ನೆಲದ ಮೇಲೆ ಕೆಂಪು ಹೊಸ್ತಿಲು ಕಾಣುವುದಿಲ್ಲ, ಹಳದಿ ಕಾಣುತ್ತದೆ. ಎತ್ತರ ತಗ್ಗು ಇರುವ ಕಡೆ ಎದ್ದು ಕಾಣುವ ಬಣ್ಣ ಬಳಿಯಿರಿ ಅಂತಲೇ ತಜ್ಞರೂ ಹೇಳುವುದು.

ಎರಡನೇ ಸಲ: ಉಪ್ಪಿನಕಾಯಿ ಜಾಡಿ

ಮೇ ತಿಂಗಳು, ಮಾವಿನ ಮಿಡಿ ಕಾಲ. ಅಟ್ಟದ ಮೇಲಿನ ಜಾಡಿ ತೆಗೆಯಲು ಪ್ಲಾಸ್ಟಿಕ್ ಸ್ಟೂಲ್ ಹತ್ತಿದ್ದಾಳೆ. ಇಳಿಯುವಾಗ ಸ್ಟೂಲ್ ವಾಲಿದೆ. ಅದೃಷ್ಟಕ್ಕೆ ಅಕ್ಕಿ ಚೀಲದ ಮೇಲೆ ಬಿದ್ದಳು.

"ಸ್ಟೂಲ್ ಹತ್ತಬೇಡ" ಅಂತ ಹೇಳಿದರೆ ಆಗುವ ಕೆಲಸವಲ್ಲ ಇದು. ಬೇಕಾದ ಸಾಮಾನು ಮೇಲಿದ್ದರೆ ಅವರು ಹತ್ತಿಯೇ ಹತ್ತುತ್ತಾರೆ. ಹಾಗಾಗಿ ಸಾಮಾನನ್ನೇ ಕೆಳಗೆ ಇಳಿಸಬೇಕು. ಒಂದು ಭಾನುವಾರ ಪೂರ್ತಿ ನಾನು, ಅಮ್ಮ ಕೂತು ಅಡುಗೆಮನೆ ಜೋಡಿಸಿದೆವು. ವಾರಕ್ಕೊಮ್ಮೆಯಾದರೂ ಬೇಕಾಗುವುದೆಲ್ಲ ಅವಳ ಸೊಂಟಕ್ಕೂ ಹೆಗಲಿಗೂ ನಡುವಿನ ಎತ್ತರಕ್ಕೆ. ವರ್ಷಕ್ಕೊಮ್ಮೆ ತೆಗೆಯುವ ಹಬ್ಬದ ಪಾತ್ರೆ ಮಾತ್ರ ಅಟ್ಟಕ್ಕೆ, ಅದನ್ನು ಇಳಿಸುವುದು ನಾವು ಹೋದಾಗ. ಪ್ಲಾಸ್ಟಿಕ್ ಸ್ಟೂಲನ್ನು ನಾನು ಬೆಂಗಳೂರಿಗೆ ತಂದುಬಿಟ್ಟೆ.

ಇನ್ನೊಂದು ಸಂಗತಿ ಆಗ ಗೊತ್ತಾಯಿತು. ಅಮ್ಮನದು ಬೈಫೋಕಲ್ ಕನ್ನಡಕ. ಕೆಳಗಿನ ಅರ್ಧ ಓದುವುದಕ್ಕೆ. ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹಾಯಿಸಿದರೆ ಆ ಓದುವ ಗಾಜಿನಿಂದಲೇ ನೋಡಿದಂತಾಗಿ ಮೆಟ್ಟಿಲು ಮಸುಕಾಗುತ್ತದೆ. ನಡೆದಾಡುವುದಕ್ಕೆ ದೂರ ನೋಡುವ ಗಾಜು ಮಾತ್ರ ಇರುವ ಬೇರೆ ಕನ್ನಡಕ ಇದ್ದರೆ ಒಳ್ಳೆಯದು ಅಂದರು ಕಣ್ಣಿನ ಡಾಕ್ಟರ್. ಎಡಗಣ್ಣಲ್ಲಿ ಪೊರೆಯೂ ಬಂದಿತ್ತು. ನವೆಂಬರಿನಲ್ಲಿ ಅದನ್ನು ತೆಗೆಸಿದೆವು. ನಿಮ್ಮ ಮನೆಯವರ ಕಣ್ಣು ಪರೀಕ್ಷೆಯಾಗಿ ಒಂದು ವರ್ಷ ದಾಟಿದ್ದರೆ ಅದೂ ಬೀಳುವ ಲೆಕ್ಕಕ್ಕೇ ಸೇರುತ್ತದೆ.

ಮೂರನೇ ಸಲ: ಹಿತ್ತಿಲ ಮೆಟ್ಟಿಲು

ಜುಲೈ. ಎರಡು ವಾರದಿಂದ ಬಿಡದ ಮಳೆ. ಹಿತ್ತಿಲ ಮೂರು ಕಲ್ಲಿನ ಮೆಟ್ಟಿಲ ಮೇಲೆ ಪಾಚಿ. ಅಮ್ಮನ ಕಾಲಲ್ಲಿ ಅಡಿ ಸವೆದು ಕನ್ನಡಿಯಾದ ಹವಾಯಿ ಚಪ್ಪಲಿ. ಒಂದು ಕೈಯಲ್ಲಿ ಹೂವಿನ ಬುಟ್ಟಿ, ಇನ್ನೊಂದು ಕೈಯಲ್ಲಿ ಕೊಡೆ. ಹಿಡಿದುಕೊಳ್ಳುವುದಕ್ಕೆ ಕೈ ಎಲ್ಲಿತ್ತು?

ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್ಷಿನಲ್ಲಿ ಉಜ್ಜಿಸಿದೆವು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಉಜ್ಜುವ ಕೆಲಸ ತೋಟದ ಕೆಲಸಕ್ಕೆ ಬರುವವನಿಗೆ ವಹಿಸಿದೆವು. ಮೆಟ್ಟಿಲ ಪಕ್ಕ ಒಂದು ಕಬ್ಬಿಣದ ಪೈಪಿನ ಕಟಾಂಜನ ಹಾಕಿಸಿದೆವು. ಚಪ್ಪಲಿಗೆ ಹಿಂದೆ ಪಟ್ಟಿ, ಅಡಿಯಲ್ಲಿ ಗೀರು ಇರಲೇಬೇಕು. ಹೂವಿಗೆ ಹೆಗಲಿಗೆ ಹಾಕುವ ಬಟ್ಟೆ ಚೀಲ, ಒಂದು ಕೈ ಯಾವಾಗಲೂ ಖಾಲಿ ಇರಲಿ ಅಂತ.

ಬಚ್ಚಲಿಗೆ ಬಂದ 'ಹಿಡಿಕೆ'

ಅಮ್ಮ ಬಚ್ಚಲೊಳಗೆ ಇನ್ನೂ ಬಿದ್ದಿರಲಿಲ್ಲ. ಆದರೆ ನಾಲ್ಕನೆಯದು ಅಲ್ಲೇ ಆಗುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಒದ್ದೆ ಟೈಲ್ಸು, ಸೋಪಿನ ನೀರು, ಶನಿವಾರದ ಎಣ್ಣೆ ಸ್ನಾನ. ಜಾರಿದರೆ ಹಿಡಿಯಲು ಇದ್ದಿದ್ದು ಟವೆಲ್ ಹಾಕುವ ರಾಡು. ಅದು ಟವೆಲ್ ಭಾರ ಹೊರುತ್ತದೆ, ಮನುಷ್ಯರದ್ದಲ್ಲ. ಹೀರಿಕೊಂಡು ಗೋಡೆಗೆ ಅಂಟುವ ಹಿಡಿಕೆಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಅವನ್ನೂ ನಂಬಬೇಡಿ. ಬೇಕಾಗಿರುವುದು ಗೋಡೆಗೆ ತೂತು ಕೊರೆದು ಆಂಕರ್ ಬೋಲ್ಟಿನಲ್ಲಿ ಬಿಗಿದ ಸ್ಟೀಲ್ ಗ್ರ್ಯಾಬ್ ಬಾರ್. ಒಂದು ಕಮೋಡಿನ ಪಕ್ಕ, ಒಂದು ಸ್ನಾನದ ಜಾಗದಲ್ಲಿ.

"ಟೈಲ್ಸ್ ಒಡಿಯತ್ತೆ ಮೇಡಂ" ಅಂದರು ಪ್ಲಂಬರ್. ಒಡೆದರೆ ಒಡೆಯಲಿ ಅಂದೆ. ಒಡೆಯಲಿಲ್ಲ.

ಸಾಮಾನ್ಯವಾಗಿ ಅಡ್ಡ ಹಿಡಿಕೆಯನ್ನು ನೆಲದಿಂದ ಎರಡು ಮುಕ್ಕಾಲು ಅಡಿಯಿಂದ ಮೂರು ಅಡಿ ಎತ್ತರದಲ್ಲಿ ಹಾಕುತ್ತಾರೆ. ಆದರೆ ಅಳತೆ ಪಟ್ಟಿಗಿಂತ ಬಳಸುವವರ ಕೈ ಮುಖ್ಯ. ಅಮ್ಮನನ್ನು ಕೂರಿಸಿ, ಏಳಿಸಿ, "ಎಲ್ಲಿ ಹಿಡ್ಕೋಬೇಕು ಅನ್ಸತ್ತೆ?" ಅಂತ ಕೇಳಿ, ಅವಳ ಕೈ ಹೋದ ಕಡೆ ಪೆನ್ಸಿಲ್ ಗುರುತು ಹಾಕಿದೆವು. ಮೊದಲು "ಮನೆ ಹೋಗಿ ಆಸ್ಪತ್ರೆ ಆಯ್ತು" ಅಂತ ಗೊಣಗಿದವಳು, ಜಾಗ ತಾನೇ ಆರಿಸಿದ ಮೇಲೆ ನೋಡಲು ಬಂದವರಿಗೆಲ್ಲ ಅದನ್ನು ತೋರಿಸತೊಡಗಿದಳು.

ಜೊತೆಗೆ ಕೂತು ಸ್ನಾನ ಮಾಡಲು ಅಡಿಗೆ ರಬ್ಬರ್ ಇರುವ ಕುರ್ಚಿ, ನೆಲಕ್ಕೆ ಅಂಟಿ ಕೂರುವ ರಬ್ಬರ್ ಮ್ಯಾಟು. ಬಾಗಿಲ ಮುಂದಿದ್ದ ಹಳೇ ಸೀರೆಯ ಕಾಲೊರೆಸು ಹೊರಗೆ ಹೋಯಿತು. ಎಣ್ಣೆ ಸ್ನಾನ ಬೇಡ ಅಂತ ನಾನು ಹೇಳಲಿಲ್ಲ. ಅಂಗಾಲಿಗೆ ಮಾತ್ರ ಎಣ್ಣೆ ಬೇಡ ಅಂದೆ. ಒಳಗಿನ ಚಿಲಕ ಹಾಕುವುದು ಬೇಡ, ಬಾಗಿಲು ಮುಂದೆ ಮಾಡಿಕೊಂಡರೆ ಸಾಕು ಅಂತ ಒಪ್ಪಂದವಾಯಿತು.

ಎರಡು ಗ್ರ್ಯಾಬ್ ಬಾರ್ 1,600, ಪ್ಲಂಬರ್ 1,200, ನಾಲ್ಕು ದೀಪ 1,000, ಕುರ್ಚಿ 900, ಮ್ಯಾಟು 500, ಬಲ್ಬು 450. ಒಟ್ಟು 5,650 ರೂಪಾಯಿ. ನಾನು ಹೋದ ವರ್ಷ ಕೊಂಡ ಶೂ ಇದಕ್ಕಿಂತ ದುಬಾರಿ.

ಕಾಲಿಗೆ ಬಲ ಬೇಕು

ಮನೆ ಸರಿಮಾಡಿದರೆ ಅರ್ಧ ಕೆಲಸ. ಉಳಿದರ್ಧ ತೊಡೆಯಲ್ಲಿ, ಪಾದದಲ್ಲಿ ಇದೆ. ಬಿದ್ದವರಿಗೆ ಭಯ ಹುಟ್ಟುತ್ತದೆ. ಭಯಕ್ಕೆ ನಡೆಯುವುದು ಕಡಿಮೆ ಮಾಡುತ್ತಾರೆ. ನಡೆಯದೆ ಕಾಲು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. "ಸುಮ್ನೆ ಒಂದು ಕಡೆ ಕೂತ್ಕೋ ಅಮ್ಮ" ಅನ್ನುವ ನಮ್ಮ ಕಾಳಜಿಯೇ ಈ ಚಕ್ರಕ್ಕೆ ಎಣ್ಣೆ ಹಾಕುತ್ತದೆ.

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಡಾಕ್ಟರುಗಳೂ ಇವನ್ನೇ ಬಳಸುತ್ತಾರೆ. ಮಾಡಿಸುವಾಗ ಕೈಗೆಟಕುವಷ್ಟು ಹತ್ತಿರ ನಿಂತುಕೊಳ್ಳಿ.

1. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈಯನ್ನು ಎದೆ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. 70ರಿಂದ 74ರ ವಯಸ್ಸಿನ ಹೆಂಗಸರಿಗೆ 10ಕ್ಕಿಂತ, ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು ಅಂತ ಅರ್ಥ.

2. ಕುರ್ಚಿಯಿಂದ ಎದ್ದು, 3 ಮೀಟರ್ (ಸುಮಾರು ಹತ್ತಡಿ) ಎಂದಿನಂತೆ ನಡೆದು, ತಿರುಗಿ ಬಂದು ಕೂರಲಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ.

ದಸರಾ ರಜೆಯಲ್ಲಿ, ಪ್ಲಾಸ್ಟರ್ ಬಿಚ್ಚಿಸಿ ಕೈ ಸರಿಹೋದ ಮೇಲೆ, ಅಮ್ಮನಿಗೆ ಮಾಡಿಸಿದೆ. ವಯಸ್ಸು 71. ಮೊದಲನೆಯದರಲ್ಲಿ 7 ಸಲ, ಎರಡನೆಯದರಲ್ಲಿ 16 ಸೆಕೆಂಡ್.

ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳನ್ನು ಅಮ್ಮ ತನ್ನ ದಿನಚರಿಗೆ ಹೊಲಿದುಕೊಂಡಳು. ಹಾಲು ಕಾಯುವವರೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಧಾರಾವಾಹಿಯ ಮಧ್ಯೆ ಜಾಹೀರಾತು ಬಂದಾಗಲೆಲ್ಲ ಕುರ್ಚಿಯಿಂದ ಎದ್ದು ಕೂರುವುದು. ಕಟ್ಟೆ ಹಿಡಿದೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಸೆಕೆಂಡ್ ನಿಲ್ಲುವುದು. ನ್ಯೂಜಿಲೆಂಡಿನಲ್ಲಿ ರೂಪುಗೊಂಡ ಒಟಾಗೋ ಎಂಬ ವ್ಯಾಯಾಮ ಕ್ರಮದಲ್ಲಿ ಇರುವುದೂ ಇಂಥವೇ, ಕಾಲಿನ ಬಲ ಮತ್ತು ಸಮತೋಲನಕ್ಕೆ ಮನೆಯಲ್ಲೇ ಮಾಡುವಂಥವು. ಅದನ್ನು ಪಾಲಿಸಿದವರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. ಬರೀ ವಾಕಿಂಗ್ ಸಾಲದು, ಸಮತೋಲನದ ಅಭ್ಯಾಸ ಬೇರೆಯೇ ಬೇಕು. ಮೊದಲೇ ಬಿದ್ದವರು, ಮಂಡಿ ನೋವು ಇರುವವರು ಫಿಸಿಯೋಥೆರಪಿಸ್ಟನ್ನು ಕೇಳಿಯೇ ಶುರುಮಾಡಲಿ.

ಸಂಕ್ರಾಂತಿಗೆ ಹೋದಾಗ ಅಮ್ಮನೇ ಕುರ್ಚಿ ಎಳೆದು "ಎಣಿಸು" ಅಂದಳು. ಹತ್ತು.

ಅಕಸ್ಮಾತ್ ಬಿದ್ದರೆ

ಗಾಬರಿಯಲ್ಲಿ ರಟ್ಟೆ ಹಿಡಿದು ಎಳೆದು ಏಳಿಸಬೇಡಿ. ಒಂದು ನಿಮಿಷ ಹಾಗೇ ಇರಲಿ. ಸೊಂಟ, ತೊಡೆಸಂದಿ ನೋವು, ಕಾಲು ಊರಲು ಆಗುತ್ತಿಲ್ಲ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದಂತಿದೆ ಅಂದರೆ ತೊಡೆಮೂಳೆಯ ಮೇಲ್ತುದಿ ಮುರಿದಿರಬಹುದು. ಅಲುಗಿಸದೆ 108ಕ್ಕೆ ಫೋನ್ ಮಾಡಿ. ಎಣ್ಣೆ ತಿಕ್ಕುವುದು, ಎಳೆದು ಪಟ್ಟು ಕಟ್ಟುವುದು ಬೇಡ. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ದಿನಗಳು, ವಾರಗಳು ಕಳೆದ ಮೇಲೆ ತೋರಿಕೊಳ್ಳುತ್ತದೆ. ಹೊಸದಾಗಿ ತಲೆನೋವು, ಮಂಪರು, ಗೊಂದಲ ಕಂಡರೆ ತಡಮಾಡಬೇಡಿ.

ಪೆಟ್ಟಿಲ್ಲ ಅನಿಸಿದರೆ, ಒಂದು ಮಗ್ಗುಲಿಗೆ ಹೊರಳಿ, ಮಂಡಿ ಮತ್ತು ಕೈಯೂರಿ, ಗಟ್ಟಿ ಕುರ್ಚಿ ಹಿಡಿದು, ಒಂದು ಪಾದ ಮುಂದಿಟ್ಟು ತಾವೇ ಏಳಬೇಕು. ಇದನ್ನು ಬೀಳುವ ಮೊದಲೇ, ಚಾಪೆ ಹಾಸಿ, ನೀವು ಪಕ್ಕದಲ್ಲಿದ್ದಾಗ ಒಮ್ಮೆ ಅಭ್ಯಾಸ ಮಾಡಿಸಿ.

ಒಂಟಿಯಾಗಿ ಇರುವವರ ದೊಡ್ಡ ಕಷ್ಟ ಬಿದ್ದಾಗ ಯಾರಿಗೂ ಗೊತ್ತಾಗದಿರುವುದು. ಷೋಕೇಸಿನ ಮೇಲೆ ಚಾರ್ಜಿಗೆ ಇಟ್ಟ ಫೋನು ನೆಲದ ಮೇಲೆ ಬಿದ್ದವರಿಗೆ ಸಿಗುವುದಿಲ್ಲ. ಅಮ್ಮ ಈಗ ಕೊರಳಿಗೆ ಹಾಕುವ ಪುಟ್ಟ ಬಟ್ಟೆ ಚೀಲದಲ್ಲಿ ಫೋನ್ ಇಟ್ಟುಕೊಳ್ಳುತ್ತಾಳೆ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇದೆ. ಬೆಳಿಗ್ಗೆ ಏಳೂವರೆಗೂ ಹಾಲಿನ ಪ್ಯಾಕೆಟ್ ಗೇಟಿನಲ್ಲೇ ಇದ್ದರೆ ಅವರು ಬಂದು ಬಾಗಿಲು ತಟ್ಟುತ್ತಾರೆ. ಹಿರಿಯರಿಗೆಂದೇ ಇರುವ ಸಹಾಯವಾಣಿ 14567 ಕೂಡ ಅಮ್ಮನ ಫೋನಿನಲ್ಲಿದೆ.

ಕೇಳುವ ರೀತಿ

ಇಷ್ಟೆಲ್ಲ ಮಾಡಿದ ಮೇಲೂ ಹೆಚ್ಚು ಕಷ್ಟವಾಗಿದ್ದು ನನ್ನ ಬಾಯಿಯನ್ನು ಸರಿಮಾಡಿಕೊಳ್ಳುವುದು. ಆ ಜುಲೈನಲ್ಲಿ ಅಣ್ಣನನ್ನೂ ಕರೆಸಿ, ಅಮ್ಮನ ಎದುರಿಗೇ ಒಂದು ಮಾತು ಕೊಟ್ಟೆವು: ನೀನು ಬಿದ್ದೆ ಅಂತ ಹೇಳಿದರೆ ಬೈಯುವುದಿಲ್ಲ, ಮನೆ ಮಾರುವ ಮಾತು ತೆಗೆಯುವುದಿಲ್ಲ. ಏನು ಬದಲಾಯಿಸಬೇಕು ಅಂತ ಮಾತ್ರ ಕೇಳುತ್ತೇವೆ.

"ಹುಷಾರಾಗಿದೀಯಾ?" ಅಂದರೆ "ಹುಷಾರಾಗಿದೀನಿ" ಅನ್ನುವ ಉತ್ತರವೇ ಬರುವುದು. ಸಿಡಿಸಿ ಡಾಕ್ಟರುಗಳಿಗೆ ಕೇಳಲು ಹೇಳುವ ಪ್ರಶ್ನೆಗಳು ಮೂರು. ಈ ವರ್ಷದಲ್ಲಿ ಯಾವಾಗಲಾದರೂ ಬಿದ್ದಿರಾ? ನಿಂತಾಗ, ನಡೆಯುವಾಗ ಓಲಾಡಿದ ಹಾಗಾಗುತ್ತದಾ? ಬಿದ್ದುಬಿಡುತ್ತೇನೆ ಅಂತ ಹೆದರಿಕೆ ಇದೆಯಾ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕಾಣಬೇಕು. ನಾನು ಇವನ್ನು ನಮ್ಮ ಮನೆಯ ಮಾತಿಗೆ ತಿರುಗಿಸಿಕೊಂಡೆ: "ಅಮ್ಮಾ, ಈ ವಾರ ಎಲ್ಲಾದ್ರೂ ಜಾರಿದ ಹಾಗಾಯ್ತಾ? ಎಲ್ಲಾದ್ರೂ ಕೈಗೆ ಹಿಡ್ಕೊಳ್ಳೋಕೆ ಏನಾದ್ರೂ ಇರ್ಬೇಕಿತ್ತು ಅನ್ಸಿತಾ?"

ಮೊನ್ನೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಾಗ ನಾನು ಕೇಳುವ ಮೊದಲೇ ಅಮ್ಮ ಶುರುಮಾಡಿದಳು.

"ಇವತ್ತು ಬಚ್ಚಲಲ್ಲಿ ಜಾರ್ತು ಮಾರಾಯ್ತಿ. ಬೀಳ್ಲಿಲ್ಲ. ಹಿಡಿಕೆ ಹಿಡ್ಕೊಂಡೆ."

ಎದೆ ಧಸಕ್ ಅಂತು. "ನೋಡ್ಕೊಂಡು..." ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಎಲ್ಲಿ ಜಾರಿತಮ್ಮಾ?"

"ಮ್ಯಾಟಿನ ಆಚೆ ಬದಿ. ಆ ಮೂಲೇಲಿ ನೀರು ನಿಲ್ತದೆ. ಇನ್ನೊಂದು ಮ್ಯಾಟು ಬೇಕೇನೋ."

ಹೇಳುವಾಗ ಫೋನ್ ಅವಳ ಬಲಗೈಯಲ್ಲಿತ್ತು. ಮ್ಯಾಟು ಆರ್ಡರ್ ಮಾಡಿದೆ, ಬುಧವಾರ ತಲುಪುತ್ತದೆ.

ಇವತ್ತು ರಾತ್ರಿ ಊರಿಗೆ ಫೋನ್ ಮಾಡುವಾಗ ನೀವೂ ಒಮ್ಮೆ ಕೇಳಿ ನೋಡಿ. ಉತ್ತರ ಏನೇ ಬರಲಿ, ಮೊದಲ ಮಾತು ಬೈಗುಳ ಆಗದಿರಲಿ.